ಎರ್ಮೆನೆಹಿಲ್ದೊ

ಸ್ಪೇನಿನಲ್ಲಿ ಈಗ ಹುಟ್ಟುವ ಗಂಡುಮಗುವಿಗೆ ಎರ್ಮೆನೆಹಿಲ್ದೊ ಎಂದು ಹೆಸರಿಡುವವರು ತೀರ ಅಪರೂಪ. ಅಜ್ಜಂದಿರ ಪೀಳಿಗೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಅವರನ್ನೂ ಮನೆಯವರು ಹಿಲ್ದೊ ಎಂದೇ ಕರೆಯುವುದು.

ಸ್ಪ್ಯಾನಿಷ್ ಹುಟ್ಟಿದ್ದು ಲ್ಯಾಟಿನ್‌ನಿಂದ. ಈ ಹೆಸರನ್ನು ತಂದವರು ಮಾತ್ರ 5ನೇ ಶತಮಾನದಲ್ಲಿ ಅಲ್ಲಿಗೆ ಬಂದ ಜರ್ಮಾನಿಕ್ ಬುಡದ ವಿಸಿಗಾಥರು. ‘ಎರ್ಮೆನ್’ ಎಂದರೆ ಸಮಸ್ತ, ಅಖಂಡ. ‘ಗಿಲ್ಡ್’ ಎಂದರೆ ಕಪ್ಪ, ಕಾಣಿಕೆ, ಬಲಿ. ಜರ್ಮನ್ನರು ಇಂದು ದುಡ್ಡಿಗೆ ಹೇಳುವ ‘ಗೆಲ್ಟ್’ ಇದೇ ಬೇರಿನದು.

ಹೆಸರಿಗೆ ಖ್ಯಾತಿ ತಂದ ವಿಸಿಗಾಥ್ ರಾಜಕುಮಾರನ ತಂದೆ ಲಿಯೊವಿಗಿಲ್ಡ್. ಅಪ್ಪ-ಮಗನ ಹೆಸರುಗಳ ಬಾಲ ಒಂದೇ, ನಂಬಿಕೆ ಬೇರೆ. ಅಪ್ಪ, ಕ್ರಿಸ್ತ ದೇವರಿಗೆ ಸಮನಲ್ಲ ಎನ್ನುವ ಏರಿಯನ್ ಪಂಥದ ದೊರೆ. ಫ್ರಾಂಕರ ರಾಜಕುಮಾರಿ ಇಂಗುಂಡಳ ಕೈಹಿಡಿದ ಮಗ ಸೆವಿಯ್ಯದಲ್ಲಿ ಕ್ಯಾಥೊಲಿಕನಾದ, ತಂದೆಯ ವಿರುದ್ಧ ದಂಗೆಯೆದ್ದ, ಸೋತ. 585ರಲ್ಲಿ ತರ್ರಗೋನದಲ್ಲಿ ಕೊಲೆಯಾದ. ರೋಮಿನ ಪೋಪ್ ಗ್ರೆಗರಿ ಅವನನ್ನು ಧರ್ಮಕ್ಕಾಗಿ ಮಡಿದವನೆಂದು ಕೊಂಡಾಡಿದರು. ಸ್ಪೇನಿನಲ್ಲೇ ಇದ್ದ ಆ ಕಾಲದ ಚರಿತ್ರಕಾರ, ಬಿಕ್ಲಾರದ ಜಾನ್ ಹಾಗೆ ಬರೆಯಲಿಲ್ಲ. ಅವನ ಕಣ್ಣಿಗೆ ಈತ ದಂಗೆಕೋರ. ಜಾನ್ ಕ್ಯಾಥೊಲಿಕ, ಮೇಲಾಗಿ ಲಿಯೊವಿಗಿಲ್ಡನ ಕಾಲದಲ್ಲೇ ಗಡೀಪಾರಿನ ಕಷ್ಟ ಉಂಡವನು. ಆದ್ದರಿಂದಲೇ ಅವನ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಆದರೆ ಹೆಸರನ್ನು ಹೊತ್ತು ನಡೆದದ್ದು ಗ್ರೆಗರಿಯ ಮಾತು. ಸರಿಯಾಗಿ ಸಾವಿರ ವರ್ಷಗಳ ಮೇಲೆ, 1585ರಲ್ಲಿ, ದೊರೆ ಎರಡನೆಯ ಫಿಲಿಪ್ಪನ ಕೋರಿಕೆಯಂತೆ ಸ್ಪೇನಿನಲ್ಲೆಲ್ಲ ಅವನ ಹಬ್ಬ ಆಚರಿಸಲು ಪೋಪ್ ಒಪ್ಪಿಗೆ ಕೊಟ್ಟರು. ಏಪ್ರಿಲ್ 13 ಆ ಹಬ್ಬದ ದಿನ.

ನನಗೆ ಹೆಚ್ಚು ಪ್ರಿಯವಾದ ಕಥೆ ಸಂತನದ್ದಲ್ಲ, ಜನರ ನಾಲಗೆಯದು. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯ, ಅದರ ಕೆಳಗಿನ ಪೋರ್ಚುಗಲ್, ಈ ಸೀಮೆಯಲ್ಲಿ ಹೆಸರು ಬಹಳ ಬಳಕೆಯಲ್ಲಿತ್ತು. 878ರಲ್ಲಿ ಕೊಯಿಂಬ್ರ ಗೆದ್ದ ಸಾಮಂತನೂ ಒಬ್ಬ ಎರ್ಮೆನೆಹಿಲ್ದೊ. ಇಷ್ಟುದ್ದದ ಹೆಸರನ್ನು ಹೊಲಗದ್ದೆಯಲ್ಲಿ ಕೂಗಿ ಕರೆಯುವುದು ಹೇಗೆ? ಅದು ಸವೆದು ಮೆನೆಂದೊ ಆಯಿತು, ಮೆಂದೊ ಆಯಿತು. ಮೆಂದೊನ ಮಗ ಸ್ಪೇನಿನಲ್ಲಿ ಮೆಂದೆಸ್, ಮೆನೆಂದೆಸ್, ಪೋರ್ಚುಗಲ್ಲಿನಲ್ಲಿ ಮೆಂಡಿಸ್. ಪೋರ್ಚುಗೀಸರ ಕಾಲದಲ್ಲಿ ಗೋವೆಯಲ್ಲಿ ಕ್ರೈಸ್ತರಾದವರಿಗೆ ದೊರೆತ ಕುಲನಾಮಗಳಲ್ಲಿ ಅದೂ ಒಂದು. ಅಲ್ಲಿಂದ ವಲಸೆ ಬಂದವರೊಂದಿಗೆ ನಮ್ಮ ಮಂಗಳೂರಿಗೂ ಬಂತು. ಸ್ಪೇನಿನ ಮಕ್ಕಳಿಗೆ ಬೇಡವಾದ ಹೆಸರಿನ ಒಂದು ತುಣುಕು ಕರಾವಳಿಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇಂದಿಗೂ ಇದೆ.