ಅರ್ಥವಾದ

ಕನ್ನಡದ ಕಿವಿಗೆ ‘ಅರ್ಥವಾದ’ ಎಂಬುದು ಎರಡು ಬಗೆಯಾಗಿ ಕೇಳಿಸುತ್ತದೆ. ‘ಅರ್ಥವಾದ ಪಾಠ’, ‘ಅರ್ಥವಾದ ಮೇಲೆ’ ಎನ್ನುವಾಗ ಅದು ತಿಳಿವಿಗೆ ನಿಲುಕಿದುದನ್ನು ಸೂಚಿಸುವ ದಿನಬಳಕೆಯ ಮಾತು. ಮೀಮಾಂಸಾಶಾಸ್ತ್ರವನ್ನು ಓದಿದವರ ಬಾಯಲ್ಲಿ ಅದೇ ಅಕ್ಷರಗಳು ಬೇರೊಂದು ಪದವಾಗುತ್ತವೆ: ಅರ್ಥವೆಂದರೆ ಪ್ರಯೋಜನ, ವಾದವೆಂದರೆ ಉಕ್ತಿ. ವೇದದಲ್ಲಿ ‘ಇದನ್ನು ಮಾಡತಕ್ಕದ್ದು’ ಎಂಬ ವಾಕ್ಯ ವಿಧಿ. ‘ಮಾಡತಕ್ಕದ್ದಲ್ಲ’ ಎಂಬುದು ನಿಷೇಧ. ವಿಹಿತವನ್ನು ಹೊಗಳಿ ಮನಸ್ಸನ್ನು ಅದರಲ್ಲಿ ತೊಡಗಿಸುವ, ನಿಷಿದ್ಧವನ್ನು ಹಳಿದು ಮನಸ್ಸನ್ನು ಅದರಿಂದ ಹಿಂದೆಗೆಯಿಸುವ ವಾಕ್ಯ ಅರ್ಥವಾದ. ಶ್ರುತಿಯಲ್ಲಿ ಹೇಳಿರುವುದೆಲ್ಲ ಅಕ್ಷರಶಃ ನಡೆದದ್ದೆ ಎಂದು ಕೇಳುವುದೇ ಪಾಪವೆಂದು ಕೆಲವರೂ, ಅದನ್ನು ಕೇಳುವ ಧೈರ್ಯ ಹುಟ್ಟಿದ್ದು ತಮ್ಮ ಕಾಲದಲ್ಲಿಯೇ ಎಂದು ಮತ್ತೆ ಕೆಲವರೂ ಭಾವಿಸಿರುವಾಗ, ಈ ಒಂದು ಪದ ಬಾಳಿಬಂದ ಬಗೆಯನ್ನು ವಿಚಾರಿಸುವುದು ಉಭಯರಿಗೂ ಹಿತವಾದೀತು.

ಪ್ರಶ್ನೆ ಬಹು ಪುರಾತನವಾದದ್ದು. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸನೆಂಬವನು ವಾದಿಸಿದುದನ್ನು ಯಾಸ್ಕನು ತನ್ನ ನಿರುಕ್ತದಲ್ಲಿ ಹೆಸರು ಸಹಿತ ಹೇಳಿ, ಆತನ ಒಂದೊಂದು ಆಕ್ಷೇಪಕ್ಕೂ ಸಾವಧಾನವಾಗಿ ಉತ್ತರವಿತ್ತಿದ್ದಾನೆ. ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದ ಎರಡನೆಯ ಪಾದವಂತೂ ತೊಡಗುವುದೇ ಆಕ್ಷೇಪದಿಂದ: ವೇದವಿರುವುದು ಕರ್ಮವನ್ನು ತಿಳಿಸುವುದಕ್ಕಾದರೆ ಕರ್ಮವನ್ನು ಹೇಳದ ವಾಕ್ಯಗಳು ವ್ಯರ್ಥವಲ್ಲವೆ? ಅಲ್ಲಿ ವಿಚಾರಕ್ಕೆ ಬರುವ ವಾಕ್ಯಗಳಲ್ಲಿ ತೈತ್ತಿರೀಯ ಸಂಹಿತೆಯ ಒಂದು ಕಥೆಯುಂಟು. ದೇವತೆಗಳು ಅಸುರರೊಡನೆ ಯುದ್ಧ ಒದಗಿದಾಗ ತಮ್ಮ ಸಂಪತ್ತನ್ನು ಅಗ್ನಿಯಲ್ಲಿ ನ್ಯಾಸವಾಗಿಟ್ಟರು. ಅಗ್ನಿ ಅದಕ್ಕೆ ಆಸೆಪಟ್ಟು ಅದರೊಡನೆ ಹೊರಟುಹೋದನು. ಗೆದ್ದುಬಂದ ದೇವತೆಗಳು ಅದನ್ನು ಬಲಾತ್ಕಾರದಿಂದ ಕಿತ್ತುಕೊಳ್ಳಹೋದಾಗ ಅವನು ಅತ್ತನು, ಅತ್ತುದರಿಂದ ರುದ್ರನೆನಿಸಿದನು. ಬಿದ್ದ ಕಣ್ಣೀರು ಬೆಳ್ಳಿಯಾಯಿತು. ಆದುದರಿಂದ ಯಜ್ಞದಲ್ಲಿ ಬೆಳ್ಳಿಯನ್ನು ದಕ್ಷಿಣೆಯಾಗಿ ಕೊಡಲಾಗದು. ಕೊಟ್ಟವನ ಮನೆಯಲ್ಲಿ ವರ್ಷ ತುಂಬುವುದರೊಳಗೆ ಅಳು ಕೇಳಿಬರುವುದು. ಬೆಂಕಿ ಅತ್ತುದನ್ನು ಕಂಡವರಾರು? ಕಣ್ಣೀರು ಲೋಹವಾಗುವುದುಂಟೆ? ಬೆಳ್ಳಿ ಕೊಟ್ಟವರ ಮನೆಯಲ್ಲೆಲ್ಲ ಸಾವು ಬಂದಿತೆ?

ಜೈಮಿನಿಯ ಸೂತ್ರಗಳಿಗೆ ಶಬರಸ್ವಾಮಿ ಬರೆದ ಭಾಷ್ಯದಲ್ಲಿ ಇದಕ್ಕೆ ದೊರೆಯುವ ಸಮಾಧಾನ ನಿಸ್ಸಂದಿಗ್ಧವಾದದ್ದು. ಆ ಕಥೆ ವೃತ್ತಾಂತವನ್ನು ತಿಳಿಸಲೆಂದು ಹೊರಟಿಲ್ಲ. ನಿಷೇಧದೊಡನೆ ಕೂಡಿ ಒಂದೇ ವಾಕ್ಯವಾಗಿ, ಆ ನಿಷೇಧಕ್ಕೆ ಬಲವೀಯುವುದಷ್ಟೇ ಅದರ ಕೆಲಸ. ವನಸ್ಪತಿಗಳು ಸತ್ರಯಾಗಕ್ಕೆ ಕುಳಿತುವೆಂಬ ಮಾತನ್ನು ಹುಚ್ಚರ ಪ್ರಲಾಪವೆಂದು ಪೂರ್ವಪಕ್ಷಿ ಜರೆದಾಗಲೂ ಭಾಷ್ಯಕಾರನು ಹಿಡಿಯುವುದು ಇದೇ ದಾರಿ: ಸಂಧ್ಯಾಕಾಲದಲ್ಲಿ ಮೃಗಗಳೂ ತಿರುಗಾಡವು, ತಿಳಿದವರು ತಿರುಗಾಡುವರೆ ಎಂದು ಲೋಕದಲ್ಲಿ ಆಡಿಕೊಳ್ಳುವಂತೆ, ಅಚೇತನವಾದ ಮರಗಳೇ ಸತ್ರವನ್ನು ಆಚರಿಸಿದುವೆಂದ ಮೇಲೆ ವಿದ್ವಾಂಸರ ಮಾತನ್ನು ಹೇಳತಕ್ಕದ್ದೇನು ಎಂಬುದು ಅದರ ತಾತ್ಪರ್ಯ. ವೇದವು ಅಪೌರುಷೇಯವೆಂದೂ ಅದರ ಒಂದಕ್ಷರವೂ ನಿಷ್ಪ್ರಯೋಜಕವಲ್ಲವೆಂದೂ ಸಾಧಿಸುವುದಕ್ಕೆ ಬಾಳನ್ನೇ ಮುಡಿಪಾಗಿಟ್ಟವರು ಇದನ್ನು ಹೇಳಿದರೆಂಬುದು ನಾವು ನೆನಪಿನಲ್ಲಿಡಬೇಕಾದ ಸಂಗತಿ. ಅವರ ಶ್ರದ್ಧೆ ನಿಲ್ಲುವುದಕ್ಕೆ ಮರಗಳು ಯಾಗ ಮಾಡಬೇಕಾಗಿರಲಿಲ್ಲ.

ಮುಂದಿನವರು ಅರ್ಥವಾದವನ್ನು ಮೂರಾಗಿ ವಿಂಗಡಿಸಿದರು. ಯೂಪಸ್ತಂಭವೇ ಸೂರ್ಯನೆಂಬಂತೆ ಪ್ರತ್ಯಕ್ಷಕ್ಕೆ ವಿರುದ್ಧವಾದುದು ಗುಣವಾದ. ಕಂಬವು ಸೂರ್ಯನಲ್ಲವೆಂದು ಕಣ್ಣೇ ಸಾರುವುದರಿಂದ, ಸೂರ್ಯನ ಹಾಗೆ ಹೊಳೆಯುವ ಗುಣವನ್ನು ಮಾತ್ರ ಅಲ್ಲಿ ಗ್ರಹಿಸಬೇಕು. ಚಳಿಗೆ ಬೆಂಕಿ ಮದ್ದೆಂಬಂತೆ, ಲೋಕವು ಅರಿತುದನ್ನೇ ಮತ್ತೆ ಹೇಳುವುದು ಅನುವಾದ. ಭಾಷಾಂತರವೆಂದು ನಾವೀಗ ಬಳಸುವ ಪದಕ್ಕೆ ಅಲ್ಲಿರುವ ಅರ್ಥವಿದು. ಇಂದ್ರನು ವೃತ್ರನ ಮೇಲೆ ವಜ್ರವನ್ನೆತ್ತಿದನೆಂಬಂತೆ, ಅನ್ಯಪ್ರಮಾಣಗಳಿಂದ ಸಿದ್ಧವೂ ಆಗದೆ ಬಾಧಿತವೂ ಆಗದೆ ಇರುವುದು ಭೂತಾರ್ಥವಾದ. ಶಾಸ್ತ್ರವಾಕ್ಯವನ್ನು ಅನುಭವದ ಇದಿರಿನಲ್ಲಿ ನಿಲ್ಲಿಸಿ ನೋಡುವ ಧೈರ್ಯ ಈ ವಿಂಗಡಣೆಯಲ್ಲಿದೆ. ಬೆಂಕಿ ತಣ್ಣಗಿದೆಯೆಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗಲಾರದೆಂದು ಶಂಕರರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಬರೆದುದೂ ಈ ಧೈರ್ಯದಿಂದಲೇ. ಉಪನಿಷತ್ತುಗಳ ಬ್ರಹ್ಮವಾಕ್ಯಗಳನ್ನೂ ಕರ್ಮದ ಸ್ತುತಿಯೆಂದು ಸರಿಸಿಬಿಡುವುದನ್ನು ಅದೇ ಶಂಕರರು ಅಷ್ಟೇ ದೃಢತೆಯಿಂದ ತಡೆದರು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ತಮ್ಮ ಋಗ್ವೇದಭಾಷ್ಯದ ಭೂಮಿಕೆಯಲ್ಲಿ ಈ ಚರ್ಚೆಯನ್ನೆಲ್ಲ ಮತ್ತೆ ನಡೆಸಿದ್ದಾರೆ: ಕಲ್ಲನ್ನೂ ಓಷಧಿಯನ್ನೂ ಮಾತನಾಡಿಸುವ, ರುದ್ರನು ಒಬ್ಬನೇ ಎಂದು ಒಂದೆಡೆಯೂ ಸಾವಿರಾರು ರುದ್ರರೆಂದು ಇನ್ನೊಂದೆಡೆಯೂ ಹೇಳುವ ಮಂತ್ರಗಳು ಹೇಗೆ ಪ್ರಮಾಣವಾದಾವೆಂದು ಪೂರ್ವಪಕ್ಷಿಯಿಂದ ನಿಸ್ಸಂಕೋಚವಾಗಿ ಕೇಳಿಸಿ, ಆಮೇಲೆ ಭಾಷ್ಯಕ್ಕೆ ಕೈಹಾಕಿದ್ದಾರೆ. ಪ್ರಶ್ನೆಯನ್ನು ದಾಟಿಯೇ ವ್ಯಾಖ್ಯಾನದ ಬಾಗಿಲಿಗೆ ಬರಬೇಕೆಂಬುದು ಅವರ ಕ್ರಮ.

ಯಾಗಶಾಲೆಯಿಂದ ಹೊರಬಂದ ಪದಕ್ಕೆ ಬೇರೆ ಬಣ್ಣಗಳು ಹತ್ತಿದುವು. ಫಲಶ್ರುತಿಗಳನ್ನೂ ವ್ರತಕಥೆಗಳನ್ನೂ ಕೇಳಿದವರು ‘ಅದು ಬರಿಯ ಅರ್ಥವಾದ’ ಎನ್ನತೊಡಗಿದಾಗ ಪದವು ಅತಿಶಯೋಕ್ತಿಯೆಂಬ ಅರ್ಥಕ್ಕೆ ಜಾರಿತು. ಭಕ್ತಿಪಂಥಗಳಿಗೆ ಇದರಿಂದ ನೋವಾದುದು ಸಹಜ. ಹರಿನಾಮದ ಮಹಿಮೆಯನ್ನು ಅರ್ಥವಾದವೆಂದು ಕಲ್ಪಿಸುವುದನ್ನು ಹತ್ತು ನಾಮಾಪರಾಧಗಳಲ್ಲಿ ಒಂದಾಗಿ ಅವು ಎಣಿಸಿದುವು. ಸ್ತೋತ್ರದಲ್ಲಿ ಕರಗಿದ ಹೃದಯಕ್ಕೆ ‘ಇದು ಪ್ರೋತ್ಸಾಹಕ್ಕಾಗಿ ಆಡಿದ ಮಾತು’ ಎಂದು ಹೇಳುವುದರಲ್ಲಿ ಒಂದು ಕ್ರೌರ್ಯವುಂಟೆಂಬುದನ್ನು ನಾನು ಒಪ್ಪುತ್ತೇನೆ. ಪದವು ನ್ಯಾಯಸ್ಥಾನದ ಮೆಟ್ಟಿಲನ್ನೂ ಏರಿತು. ಒಬ್ಬನೇ ಮಗನನ್ನು ದತ್ತು ಕೊಡಲೂ ಬಾರದು, ಕೊಳ್ಳಲೂ ಬಾರದು, ಪಿತೃಗಳ ಸಂತತಿಗೆ ಅವನು ಬೇಕು ಎಂಬುದು ವಸಿಷ್ಠನ ವಚನ. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯೂ ಅದನ್ನು ಎತ್ತಿಹೇಳುತ್ತದೆ. ಹೀಗೆ ಕಾರಣ ಸಹಿತವಾಗಿ ಬಂದ ಮಾತು ವಿಧಿಯೆ, ಅರ್ಥವಾದವೆ ಎಂಬ ಮೀಮಾಂಸೆಯ ತೊಡಕು ಹಿಂದೂ ನ್ಯಾಯದ ವ್ಯಾಜ್ಯಗಳಲ್ಲಿ ಜೀವಂತ ಪ್ರಶ್ನೆಯಾಯಿತು. 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಅಂಥ ದತ್ತಕವು ಊರ್ಜಿತವೆಂದು ತೀರ್ಪಿತ್ತಿತು. ಮನೆಮನೆಯ ಆಸ್ತಿಯೂ ಮಕ್ಕಳ ಗತಿಯೂ ಒಂದು ವಾಕ್ಯವನ್ನು ಓದುವ ರೀತಿಯ ಮೇಲೆ ನಿಂತುವು.

ಈ ಪದದ ಶಕ್ತಿಯನ್ನು ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಅಳುವ ಬೆಂಕಿಯ ವಿಷಯದಲ್ಲಿ ಅಷ್ಟು ಸ್ವತಂತ್ರವಾಗಿ ವಿಚಾರ ಮಾಡಿದ ಪಂಡಿತರು, ವಿಧಿಯೆಂದು ತಾವು ಗುರುತಿಸಿದ ವಾಕ್ಯದ ಮುಂದೆ ಕೈಕಟ್ಟಿ ನಿಂತರು. ಯಜ್ಞದಲ್ಲಿ ನಾಲ್ಕು ವರ್ಣದವರಿಗೂ ಅಧಿಕಾರವುಂಟೆಂದು ಬಾದರಿಯೆಂಬ ಆಚಾರ್ಯನು ಹೇಳಿದುದನ್ನು ಜೈಮಿನಿಯ ಸೂತ್ರವೇ ಉಳಿಸಿಕೊಟ್ಟಿದೆ. ಸಿದ್ಧಾಂತವು ಮಾತ್ರ ಶೂದ್ರನನ್ನು ಹೊರಗೇ ನಿಲ್ಲಿಸಿತು. ಕಥೆ ನಡೆಯಿತೆ ಎಂಬ ಪ್ರಶ್ನೆಯಿಂದ ಯಾರ ಜೀವವೂ ನೋಯುವುದಿಲ್ಲ; ಆಜ್ಞೆ ನ್ಯಾಯವಾದದ್ದೆ ಎಂಬ ಪ್ರಶ್ನೆಯನ್ನು ಕೇಳದೆ ಬಿಟ್ಟುದರಿಂದ ತಲೆತಲಾಂತರಗಳು ನೊಂದಿವೆ. ನಮ್ಮ ಕಾಲದಲ್ಲಿಯೂ ಪುಷ್ಪಕವನ್ನು ವಿಮಾನಶಾಸ್ತ್ರದ ಇತಿಹಾಸವೆಂದು ಅಕ್ಷರಶಃ ಹಿಡಿಯುವವರು, ತಮಗೆ ಮುಜುಗರ ತರುವ ಶ್ಲೋಕ ಬಂದೊಡನೆ ಅದು ಅರ್ಥವಾದವೆಂದು ಸರಿಸಿಬಿಡುವುದುಂಟು. ಗ್ರಂಥವನ್ನು ಹಳಿಯಬೇಕೆಂದು ಹೊರಟವರು ಅದರ ರೂಪಕಗಳನ್ನೆಲ್ಲ ಸುಳ್ಳುಸಾಕ್ಷ್ಯವೆಂಬಂತೆ ವಿಚಾರಣೆಗೆ ಎಳೆಯುವುದೂ ಉಂಟು. ಇಬ್ಬರೂ ಅಳತೆಗೋಲನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಬದಲಿಸುತ್ತಾರೆ.

ಅರ್ಥವಾದವೆಂಬ ಪದವು ನಮಗೆ ಕಲಿಸತಕ್ಕದ್ದು ಸಮವಾದ ಓದನ್ನು. ಮೆಚ್ಚಿದ ವಾಕ್ಯಕ್ಕೂ ಮೆಚ್ಚದ ವಾಕ್ಯಕ್ಕೂ ಒಂದೇ ನಿಯಮವನ್ನು ಅನ್ವಯಿಸಬೇಕು; ಕಣ್ಣಿಗೂ ಅನುಭವಕ್ಕೂ ವಿರುದ್ಧವಾದುದನ್ನು ಗುಣವಾದವೆಂದು ಒಪ್ಪಿ, ಅದರ ಸೌಂದರ್ಯವನ್ನು ಅನುಭವಿಸಬೇಕು; ಅದು ಯಾವುದಕ್ಕಾಗಿ ಹೇಳಿದ ಮಾತೆಂದು ಕೇಳಿಕೊಂಡ ಮೇಲೆ, ಆ ಪ್ರಯೋಜನವು ಇಂದು ಯಾರನ್ನು ಪೊರೆಯುತ್ತದೆ, ಯಾರನ್ನು ಹೊರದೂಡುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಮೊದಲಿನ ಎರಡು ಕೆಲಸಗಳನ್ನು ನಮ್ಮ ಹಿರಿಯರು ಮಾಡಿ ತೋರಿಸಿದ್ದಾರೆ. ಮೂರನೆಯದು ಓದುವ ನಮ್ಮ ಹೊಣೆ. ಅದನ್ನು ಗ್ರಂಥದ ಮೇಲೆ ಹೊರಿಸುವಂತಿಲ್ಲ.