ಒಡೆಯ ಬದಲಾದಾಗ ಒಕ್ಕಲಿಗೆ ಬಂದ ಕಾಗದ

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ ಮುದಗಲ್ಲಿನ ಕೋಟೆಯಷ್ಟು ಒಡೆಯರನ್ನು ಕಂಡ ಕೋಟೆಗಳು ವಿರಳ. 1366ರಲ್ಲಿ ಬುಕ್ಕರಾಯನು ಬಹಮನಿಗಳಿಂದ ಅದನ್ನು ಕಿತ್ತುಕೊಂಡನು. ಅವರು ಮತ್ತೆ ಪಡೆದರು. 1520ರ ರಾಯಚೂರು ಯುದ್ಧದ ತರುವಾಯ ಅದು ಕೃಷ್ಣದೇವರಾಯನದಾಯಿತು. 1565ರ ತಾಳಿಕೋಟೆಯ ಕಾಳಗದ ತರುವಾಯ ಬಿಜಾಪುರದ ಆದಿಲಶಾಹಿಗಳದಾಯಿತು. 1686ರಲ್ಲಿ ಬಿಜಾಪುರ ಬಿದ್ದಮೇಲೆ ಮೊಗಲರು, ಅವರ ಬಳಿಕ ಹೈದರಾಬಾದಿನ ನಿಜಾಮರು ಬಂದರು. 1853ರ ಒಪ್ಪಂದದಂತೆ ಈ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಲಾಯಿತು. 1860ರಲ್ಲಿ ಅದು ನಿಜಾಮರಿಗೇ ಮರಳಿತು.

ಇದೆಲ್ಲ ಕೋಟೆಯ ಕಥೆ. ಕೋಟೆಯ ಹೊರಗೆ ಎರೆಹೊಲದಲ್ಲಿ ಜೋಳ ಬಿತ್ತುತ್ತಿದ್ದ ಒಕ್ಕಲಿಗೆ ಒಡೆಯ ಬದಲಾದ ಸಂಗತಿ ಹೇಗೆ ಮುಟ್ಟುತ್ತಿತ್ತು? ಅರಸರ ಚರಿತ್ರೆಗಿಂತ ಈ ಪ್ರಶ್ನೆಯೇ ನನಗೆ ದೊಡ್ಡದೆಂದು ತೋರುತ್ತದೆ.

ಸುಲ್ತಾನರ ಮತ್ತು ಮೊಗಲರ ಕಾಲದ ದಖ್ಖನಿನಲ್ಲಿ ಅದಕ್ಕೊಂದು ಕ್ರಮವಿತ್ತು. ಪರಗಣೆಯನ್ನೋ ಹಳ್ಳಿಯನ್ನೋ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟಾಗ ಸನದು ಅವನ ಕೈ ಸೇರುತ್ತಿತ್ತು. ಒಕ್ಕಣೆ ಮಾತ್ರ ಅಲ್ಲಿನ ದೇಶಮುಖ, ದೇಶಪಾಂಡೆ, ಗೌಡ ಹಾಗೂ ರೈತರನ್ನು ಉದ್ದೇಶಿಸಿರುತ್ತಿತ್ತು. ಇನ್ನುಮುಂದೆ ಇಂಥವರನ್ನು ಜಹಗೀರದಾರರೆಂದು ತಿಳಿಯಿರಿ, ಕಂದಾಯವನ್ನು ಅವರಿಗೇ ಸಲ್ಲಿಸಿರಿ ಎಂಬುದೇ ಅದರ ಸಾರ. ರೈತನ ಒಪ್ಪಿಗೆಯನ್ನು ಆ ಕಾಗದ ಕೇಳುತ್ತಿರಲಿಲ್ಲ.

ಇನ್ನೊಂದು ಬಗೆಯ ಕಾಗದವಿತ್ತು. ಅದರ ಹೆಸರು ಕೌಲು. ಸೇನೆಗಳು ಹಾದುಹೋದ ನಾಡಿನಲ್ಲಿ, ಬರ ಬಿದ್ದ ಸೀಮೆಯಲ್ಲಿ ಜನ ಹಳ್ಳಿ ಬಿಟ್ಟು ಹೋಗುತ್ತಿದ್ದರು. ಉಳುವವನಿಲ್ಲದ ಹೊಲದಿಂದ ಒಡೆಯನಿಗೆ ಏನು ಹುಟ್ಟೀತು? ಆದುದರಿಂದ ಅವನು ಅಭಯಪತ್ರ ಬರೆದು ಕರೆಯುತ್ತಿದ್ದನು: ಬಂದು ನೆಲೆಸಿರಿ, ಬೀಳುಭೂಮಿಯನ್ನು ಸಾಗು ಮಾಡಿರಿ, ಮೊದಲ ವರುಷಗಳಲ್ಲಿ ಕಂದಾಯ ಅಲ್ಪ, ಮುಂದೆ ವರುಷವರುಷಕ್ಕೆ ಮೆಟ್ಟಿಲುಮೆಟ್ಟಿಲಾಗಿ ಏರುವುದು ಎಂದು. ಈ ಏರಿಕೆಗೆ ಇಸ್ತಾವೆ ಎಂಬ ಹೆಸರಿತ್ತು. ಕೌಲಿನ ಮೃದುವಾದ ಮಾತನ್ನು ಒಡೆಯನ ಔದಾರ್ಯವೆಂದು ಬಗೆಯಬೇಕಾಗಿಲ್ಲ. ಆಗ ಭೂಮಿ ಹೇರಳ, ಉಳುವ ಕೈ ವಿರಳ. ಎದ್ದುಹೋಗುವ ಶಕ್ತಿಯೇ ರೈತನ ಬಲವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ಲೆಕ್ಕ ತಿರುಗಿತು. ಶಾಂತಿ ನೆಲೆಸಿತು, ಜನ ಹೆಚ್ಚಿದರು, ಮೋಜಣಿಯಾಗಿ ಹೊಲಗಳಿಗೆ ನಂಬರು ಬಿದ್ದವು, ಪಟ್ಟೇದಾರನ ಹೆಸರು ದಫ್ತರಕ್ಕೆ ಏರಿತು. ಅವನ ಹೊಲವನ್ನು ಪಾಲಿಗೋ ಲಾವಣಿಗೋ ಮಾಡುವವನಿಗೆ ಉಳಿದದ್ದು ಬಾಯಿಮಾತು ಮಾತ್ರ. ಭೂಮಿ ಬೇಡುವವರು ಹತ್ತು ಮಂದಿ ಇರುವಲ್ಲಿ ಒಬ್ಬನಿಗೆ ಕೌಲು ಬರೆದುಕೊಡುವ ಅಗತ್ಯವೇನು?

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1949ರಲ್ಲಿ ಜಹಗೀರುಗಳು ರದ್ದಾದವು. ಹೈದರಾಬಾದಿನ 1950ರ ಗೇಣಿ ಕಾಯಿದೆಯು ರಕ್ಷಿತ ಗೇಣಿದಾರನೆಂಬ ಹಕ್ಕನ್ನು ನೀಡಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಮುಂದೆ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು ಗೇಣಿದಾರರ ವಶದಲ್ಲಿದ್ದ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಉಳುವವನು ಫಾರಂ 7ನ್ನು ತುಂಬಿ ತಾಲ್ಲೂಕಿನ ಭೂನ್ಯಾಯಮಂಡಲಿಯ ಮುಂದೆ ಹಕ್ಕು ಕೇಳಬಹುದಾಯಿತು. ಕಾಗದ ಬರೆಯುವ ಸರದಿ ಈಗ ಒಕ್ಕಲಿನದು!

ಆದರೆ ಬರೆದದ್ದಕ್ಕೆ ಪುರಾವೆ ಬೇಕಷ್ಟೆ. ಈ ಕಾನೂನಿನ ಫಲ ಹೆಚ್ಚಾಗಿ ಕಂಡದ್ದು ಕರಾವಳಿಯಲ್ಲಿ. ಅಲ್ಲಿ ಗೇಣಿದಾರರ ಸಂಖ್ಯೆಯೂ ದೊಡ್ಡದು. ಮೂಲಗೇಣಿ, ಚಾಲಗೇಣಿಗಳಿಗೆ ಕಾಗದದ ಆಧಾರವೂ ಇತ್ತು. ಬಾಯಿಮಾತಿನ ಮೇಲೆ ಉಳುತ್ತಿದ್ದವನಾದರೋ ಪಹಣಿಯಲ್ಲಿ ತನ್ನ ಹೆಸರು ಉಂಟೇ ಎಂದು ಹುಡುಕಬೇಕಾಯಿತು. ಇಲ್ಲವಾದರೆ ಇಪ್ಪತ್ತು ವರುಷದ ದುಡಿಮೆಗೂ ಸಾಕ್ಷಿಯಿಲ್ಲ.

ಇಂದಿಗೂ ಕರ್ನಾಟಕದಲ್ಲಿ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಸಾಮಾನ್ಯವಾಗಿ ನಿಷೇಧವಿದೆ. ಗೇಣಿಯೇನೂ ನಿಂತಿಲ್ಲ, ನಿಂತದ್ದು ಅದರ ಬರಹ. ಬೆಳೆ ಒಣಗಿದಾಗ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 2020ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಹೊಲ ಕೈ ಬದಲಾಯಿಸಿದರೆ, ಲಾವಣಿಗೆ ಹಿಡಿದವನಿಗೆ ಅದನ್ನು ಬರಹದಲ್ಲಿ ತಿಳಿಸುವವರಾರು? ಕಾನೂನಿನ ಕಣ್ಣಿಗೆ ಅವನು ಅಲ್ಲಿ ಇಲ್ಲವೇ ಇಲ್ಲ.

ಜಹಗೀರಿನ ಸನದು ಗರ್ವದ್ದೇ ಇರಬಹುದು. ಆದರೂ ಹೊಲದಲ್ಲಿ ರೈತನೊಬ್ಬನಿದ್ದಾನೆಂದು ಅದು ಒಪ್ಪಿತ್ತು. ಉಳುವವನನ್ನು ಕಾಪಾಡಲೆಂದು ಹುಟ್ಟಿದ ನಮ್ಮ ಕಾನೂನು ಅಷ್ಟನ್ನಾದರೂ ಬರೆದುಕೊಡಲಿ ಎಂದು ಕೇಳುವುದು ಅತಿಯಾಸೆಯಲ್ಲ.