ಗ್ಲಾಸಿನ ಕಹಿ ಮತ್ತು ನಮ್ಮ ನಡುವಟ್ಟಂ

ಶಾಲೆ ಮೇಷ್ಟರು ಬಾರಿನ ವಿಷಯ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ವಿಷಯ ಇತಿಹಾಸದ್ದು, ಅದೂ ನಮ್ಮ ನೀಲಗಿರಿಯದು.

ದೊಡ್ಡ ನಗರಗಳಲ್ಲಿ ಈಗ ‘ಸ್ಪೀಕ್‌ಈಸಿ’ ಎಂಬ ಬಾರುಗಳ ಕಾಲ. ಹೊರಗೆ ಬೋರ್ಡು ಇರುವುದಿಲ್ಲ, ಬಾಗಿಲು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗ ಕದ್ದುಮುಚ್ಚಿ ನಡೆಯುತ್ತಿದ್ದ ಅಂಗಡಿಗಳ ಹೆಸರದು. 1999ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ‘ಮಿಲ್ಕ್ ಅಂಡ್ ಹನಿ’ ತೆರೆದ ಮೇಲೆ ಆ ಕಳ್ಳಬಾಗಿಲೇ ಫ್ಯಾಷನ್ ಆಯಿತು. ಬೆಂಗಳೂರಿಗೂ ಬಂತು. ನಮ್ಮ ತಮಿಳುನಾಡಿನಲ್ಲೂ 1948ರಿಂದ 1971ರವರೆಗೆ ಪೂರ್ಣ ಪಾನನಿಷೇಧವಿತ್ತು. ಇಲ್ಲಿ ಕದ್ದು ಕುಡಿದದ್ದು ಕಳ್ಳಭಟ್ಟಿ. ಅದನ್ನು ಯಾರೂ ಫ್ಯಾಷನ್ ಮಾಡಲಿಲ್ಲ!

ಈ ಬಾರುಗಳಲ್ಲಿ ತಪ್ಪದೆ ಸಿಗುವ ಪಾನೀಯ ಜಿನ್ ಮತ್ತು ಟಾನಿಕ್. ಬ್ರಿಟಿಷ್ ಇಂಡಿಯಾದ ದೊರೆಗಳ ರೂಢಿಯದು. ಟಾನಿಕ್ ನೀರಿನ ಕಹಿ ಕ್ವಿನೈನಿನದು. ಕ್ವಿನೈನ್ ಇರುವುದು ಸಿಂಕೋನಾ ಮರದ ತೊಗಟೆಯಲ್ಲಿ. ಅಲ್ಲಿಂದ ಮುಂದಿನ ಕಥೆ ಊಟಿ–ಗೂಡಲೂರು ರಸ್ತೆಯ ನಡುವಟ್ಟಂ ಊರಿನದು.

ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಿಂದ ಕ್ಲೆಮೆಂಟ್ಸ್ ಮಾರ್ಕಮ್ 1860ರಲ್ಲಿ ತಂದ ಸಸಿಗಳು ಬದುಕಲಿಲ್ಲ. ರಿಚರ್ಡ್ ಸ್ಪ್ರೂಸ್ ಈಕ್ವೆಡಾರಿನಲ್ಲಿ ಸಂಗ್ರಹಿಸಿ ಕಳಿಸಿದ ಕೆಂಪು ತೊಗಟೆಯ ಜಾತಿ ನಮ್ಮ ಮಣ್ಣಿಗೆ ಹೊಂದಿಕೊಂಡಿತು. ಊಟಿ ಸರ್ಕಾರಿ ತೋಟದ ಮೇಲ್ವಿಚಾರಕ ಮೆಕೈವರ್ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸಿಂಕೋನಾ ಬೆಳೆಸಿದ. ಮರ ಕಡಿಯದೆ ತೊಗಟೆಯನ್ನು ಪಟ್ಟಿ ಪಟ್ಟಿಯಾಗಿ ಸುಲಿದು, ಗಾಯಕ್ಕೆ ಹಾವಸೆ ಕಟ್ಟಿದರೆ ಹೊಸ ತೊಗಟೆ ಬರುತ್ತದೆ ಎಂದು ಕಂಡುಕೊಂಡವನೂ ಅವನೇ. ಮುಂದೆ ನಡುವಟ್ಟಂನಲ್ಲೇ ಸರ್ಕಾರಿ ಕ್ವಿನೈನ್ ಕಾರ್ಖಾನೆ ನಡೆಯಿತು.

ದುಡಿದವರು ಯಾರು? ಸಿಂಗಾಪುರ, ಮಲಯದ ಕಡೆಯಿಂದ ತಂದ ಚೀನೀ ಕೈದಿಗಳೂ ಅವರಲ್ಲಿದ್ದರು. ಅವರಿಗಾಗಿ ಅಲ್ಲೇ ಜೈಲು ಕಟ್ಟಿದರು. ಬಿಡುಗಡೆಯಾದ ಕೆಲವರು ತಮಿಳು ಹೆಂಗಸರನ್ನು ಮದುವೆಯಾಗಿ, ತರಕಾರಿ ಬೆಳೆದುಕೊಂಡು ಇಲ್ಲಿಯವರೇ ಆದರು.

ಆ ದಿನಗಳಲ್ಲಿ ಗೂಡಲೂರು, ದೇವಾಲ, ಪಂದಲೂರು ಎಂದರೆ ಚಳಿಜ್ವರದ ಸೀಮೆ. ಕಾಫಿ ತೋಟದ ಕೂಲಿಗೆ ಮೈಸೂರು ಕಡೆಯಿಂದ ಕಾಡು ದಾಟಿ ಬಂದ ನಮ್ಮ ಕನ್ನಡದವರೂ ಆ ಜ್ವರಕ್ಕೆ ಸಿಕ್ಕಿದವರೇ. ಬಂಗಾಳದಲ್ಲಿ 1892ರಿಂದ ಬಡವರಿಗೆಂದು ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಪುಡಿಯನ್ನು ಒಂದು ಪೈಸೆಯ ಪೊಟ್ಟಣ ಮಾಡಿ ಮಾರಿದರು. ಈ ಏರ್ಪಾಡು ಬೇರೆ ಪ್ರಾಂತ್ಯಗಳಿಗೂ ಹಬ್ಬಿತು. ಒಂದೇ ತೊಗಟೆ, ಕೂಲಿಯವನಿಗೆ ಪೊಟ್ಟಣ, ದೊರೆಗೆ ಗ್ಲಾಸು.

ಆಮೇಲೆ ಡಚ್ಚರ ಜಾವಾ ದ್ವೀಪದ ಸಿಂಕೋನಾ ಪೇಟೆಯನ್ನೆಲ್ಲ ಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಕ್ಲೋರೋಕ್ವಿನ್‌ನಂಥ ಹೊಸ ಮಾತ್ರೆಗಳು ಬಂದವು. ಸಿಂಕೋನಾ ಇದ್ದ ಕಡೆ ಚಹಾ ಎದ್ದಿತು.

ಟಾನಿಕ್ ಕುಡಿದರೆ ಜ್ವರ ಬಾರದು ಎನ್ನುವವರು ಇಂದೂ ಇದ್ದಾರೆ. ನಮ್ಮ ಏಳನೇ ತರಗತಿಯ ಮಕ್ಕಳು ಮಾಡಬಹುದಾದ ಲೆಕ್ಕ ಇದು. ಅಮೆರಿಕದ ಕಾನೂನಿನಂತೆ ಒಂದು ಲೀಟರ್ ಟಾನಿಕ್ಕಿನಲ್ಲಿ ಕ್ವಿನೈನ್ 83 ಮಿಲಿಗ್ರಾಂ ಮೀರಬಾರದು. ಮಲೇರಿಯಾ ಬಂದ ದೊಡ್ಡವರಿಗೆ ವೈದ್ಯರು ಕೊಡುತ್ತಿದ್ದದ್ದು ಹೊತ್ತಿಗೆ 600 ಮಿಲಿಗ್ರಾಂನಂತೆ ದಿನಕ್ಕೆ ಮೂರು ಹೊತ್ತು. ಅಂದರೆ ದಿನಕ್ಕೆ ಸುಮಾರು 22 ಲೀಟರ್ ಟಾನಿಕ್ ಕುಡಿಯಬೇಕು!

ನಡುವಟ್ಟಂನ ಆ ಜೈಲು ಕಟ್ಟಡ ಇನ್ನೂ ಇದೆ, ವಸ್ತುಸಂಗ್ರಹಾಲಯವಾಗಿದೆ. ಊಟಿಗೆ ಪ್ರವಾಸ ಹೊರಟ ಶಾಲೆಗಳು ಹೂತೋಟಕ್ಕೆ ಓಡುವ ಮೊದಲು ಅಲ್ಲಿ ಅರ್ಧ ಗಂಟೆ ಬಸ್ಸು ನಿಲ್ಲಿಸಬಹುದು.